ಕಂತು ಯಾರಿಗೆ, ಜೈಲು ಯಾರಿಗೆ? ದಂಡದ ಚರಿತ್ರೆ ಮತ್ತು ನಾವು



ಇವತ್ತಿನ ಪೋಸ್ಟ್ ಉದ್ದ ಇದೆ. ಆದ್ರೆ ನಿಮ್ಮ ಕೇರಿಯಲ್ಲಿ, ಕಾಲೋನಿಯಲ್ಲಿ, ತೋಟದ ಲೈನಿನಲ್ಲಿ ಯಾರದಾದ್ರೂ ಮೇಲೆ ಒಂದು ಸಣ್ಣ ಕೇಸ್ ಇದ್ದರೂ ಇದು ಉಪಯೋಗಕ್ಕೆ ಬರುತ್ತೆ. ಪೂರ್ತಿ ಓದಿ.

ಪೇಪರಿನ ಜಿಲ್ಲಾ ಪುಟದಲ್ಲಿ ಕೋರ್ಟ್ ತೀರ್ಪಿನ ಸುದ್ದಿ ಬಂದಾಗ ಕೊನೆ ಸಾಲು ಹೆಚ್ಚು ಕಮ್ಮಿ ಒಂದೇ ಥರ ಇರುತ್ತೆ. ಇಷ್ಟು ಸಾವಿರ ರೂಪಾಯಿ ದಂಡ, ದಂಡ ತೆರಲು ತಪ್ಪಿದರೆ ಇಷ್ಟು ತಿಂಗಳು ಸಾದಾ ಸಜೆ. ಜನ ಮೇಲಿನ ಸಾಲು ಓದ್ತಾರೆ, ಈ ಸಾಲನ್ನು ಬಿಡ್ತಾರೆ. ನಾನು ಕಚೇರಿಯಲ್ಲಿ ಚಲನ್ನು, ರಸೀದಿ ನೋಡ್ಕೊಂಡೇ ಇಪ್ಪತ್ತು ವರ್ಷ ಕಳೆದ ಗುಮಾಸ್ತ. ಹಾಗಾಗಿ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ. ಯಾಕಂದ್ರೆ ತೀರ್ಪು ಇಬ್ಬರಿಗೆ ಒಂದೇ ಆಗಿದ್ದರೂ, ಆ ಕೊನೆ ಸಾಲು ಇಬ್ಬರಿಗೆ ಒಂದೇ ಅಲ್ಲ. ಜೇಬಲ್ಲಿ ದುಡ್ಡು ಇದ್ದವನು ಕೌಂಟರಿನಲ್ಲಿ ಕಟ್ಟಿ, ರಸೀದಿ ಮಡಚಿ, ಸಂಜೆ ಬಸ್ಸಿಗೆ ಮನೆಗೆ ಬರ್ತಾನೆ. ಇಲ್ಲದವನು ಪೊಲೀಸ್ ವ್ಯಾನ್ ಹತ್ತುತ್ತಾನೆ. ಅಪರಾಧ ಒಂದೇ, ಸೆಕ್ಷನ್ ಒಂದೇ, ಜಡ್ಜ್ ಒಬ್ಬರೇ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಜೆಎಂಎಫ್‌ಸಿ ಕೋರ್ಟ್ ಇದೆ. ಅಲ್ಲಿಗೆ ಬರೋ ನಮ್ಮವರ ಕೇಸುಗಳು ಯಾವುವು ನೋಡಿ. ಗೂಡಂಗಡಿ ಮುಂದೆ ಕುಡಿಯೋಕೆ ಜಾಗ ಕೊಟ್ಟ ಅಂತ ಅಬಕಾರಿ ಕಾಯ್ದೆಯ 15(ಎ), 32(3). ಅಂದರ್ ಬಾಹರ್ ಆಡ್ತಿದ್ದ ಅಂತ ಪೊಲೀಸ್ ಕಾಯ್ದೆಯ 87. ಕಾಡಿಂದ ಮರ ತಂದ, ಸೊಪ್ಪು ತಂದ ಅಂತ ಅರಣ್ಯ ಕಾಯ್ದೆ. ಇನ್ಶೂರೆನ್ಸ್ ಇಲ್ಲದ ಹಳೇ ಬೈಕು. ಇವೆಲ್ಲದರ ಕೊನೆಯಲ್ಲಿ ನಿಂತಿರೋದು ದಂಡ. ನಮ್ಮ ಜನರಿಗೆ ಕಾನೂನು ಅಂದ್ರೆ ಮೊದಲು ಗೊತ್ತಾಗೋದು ಸಂವಿಧಾನದ ಮೂಲಕ ಅಲ್ಲ, ದಂಡದ ಮೂಲಕ. ಅದಕ್ಕೇ ಈ ದಂಡಕ್ಕೂ ಒಂದು ಚರಿತ್ರೆ ಇದೆ ಅನ್ನೋದನ್ನ ತಿಳ್ಕೋಬೇಕು.

ಹಳೇದರಿಂದ ಶುರು ಮಾಡೋಣ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ಬೈಗುಳಕ್ಕೂ ದರಪಟ್ಟಿ ಇದೆ. ಬ್ರಾಹ್ಮಣನನ್ನು ಕ್ಷತ್ರಿಯ ಬೈದರೆ 100 ಪಣ ದಂಡ, ವೈಶ್ಯ ಬೈದರೆ 150 ಅಥವಾ 200 ಪಣ. ಶೂದ್ರ ಬೈದರೆ? ಅಲ್ಲಿ ಪಣದ ಲೆಕ್ಕವೇ ಇಲ್ಲ, ನೇರ ದೇಹಕ್ಕೆ ಶಿಕ್ಷೆ. ಅದೇ ಬ್ರಾಹ್ಮಣ ಶೂದ್ರನನ್ನು ಬೈದರೆ 12 ಪಣ. ಇದು ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಿರೋದು. ಯಾರಾದ್ರೂ ಕೇಳಬಹುದು, ಕಳ್ಳತನಕ್ಕೆ ಬ್ರಾಹ್ಮಣನಿಗೇ ಎಲ್ಲರಿಗಿಂತ ಹೆಚ್ಚು ದಂಡ ಅಂತ ಅದೇ ಪುಸ್ತಕದಲ್ಲಿ ಇದೆಯಲ್ಲ ಅಂತ. ಇದೆ. ಶೂದ್ರನಿಗೆ 8 ಪಟ್ಟು, ಬ್ರಾಹ್ಮಣನಿಗೆ 64 ಪಟ್ಟು ಅಂತ ಇದೆ. ಆದ್ರೆ ದಂಡ ಎಷ್ಟು ಅನ್ನೋದು ಅರ್ಧ ಪ್ರಶ್ನೆ ಮಾತ್ರ. ಕಟ್ಟೋಕೆ ಆಗದಿದ್ದರೆ ಏನು ಅನ್ನೋದು ಉಳಿದರ್ಧ.

ಅದಕ್ಕೆ ಉತ್ತರ ಒಂಬತ್ತನೇ ಅಧ್ಯಾಯದಲ್ಲಿದೆ. ದಂಡ ಕಟ್ಟಲಾಗದ ಕ್ಷತ್ರಿಯ, ವೈಶ್ಯ, ಶೂದ್ರ ದುಡಿದು ತೀರಿಸಬೇಕು. ಬ್ರಾಹ್ಮಣ ಮಾತ್ರ ಸ್ವಲ್ಪ ಸ್ವಲ್ಪವಾಗಿ ಕಟ್ಟಬಹುದು. ಅಂದ್ರೆ ಕಂತು! ಒಬ್ಬನಿಗೆ ಕಂತು, ಉಳಿದವರಿಗೆ ಮೈ. ವರ್ಣದ ಒಳಗಿದ್ದವರ ಗತಿಯೇ ಇದಾದರೆ, ವರ್ಣದ ಹೊರಗಿಟ್ಟ ನಮ್ಮ ಗತಿ ಏನಿತ್ತು ಅಂತ ಯೋಚಿಸಿ. 1927ರ ಡಿಸೆಂಬರ್ 25ಕ್ಕೆ ಮಹಾಡದಲ್ಲಿ ಬಾಬಾಸಾಹೇಬರು ಆ ಪುಸ್ತಕ ಸುಟ್ಟಾಗ ಸುಟ್ಟಿದ್ದರಲ್ಲಿ ಈ ದರಪಟ್ಟಿಯೂ ಇತ್ತು. ಈ ಕಂತಿನ ಮಾತನ್ನು ನೆನಪಲ್ಲಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಈಗ ನಮ್ಮ ಮಲೆನಾಡಿಗೆ ಬರೋಣ. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನವನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ನಮ್ಮ ಕೊಪ್ಪ, ಅದಕ್ಕೆ ಸೇರಿದ್ದ ಶೃಂಗೇರಿ ಜಹಗೀರು, ಆಗ ಯಡೆಹಳ್ಳಿ ಅಂತ ಕರೀತಿದ್ದ ಇವತ್ತಿನ ಎನ್.ಆರ್.ಪುರ ಇವೆಲ್ಲ ಕಡೂರು ಜಿಲ್ಲೆ. ಕಡೂರು, ಶಿವಮೊಗ್ಗ, ಚಿತ್ರದುರ್ಗ ಸೇರಿ ನಗರ ವಿಭಾಗ. ಮಾರ್ಕ್ ಕಬ್ಬನ್ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆಗಳನ್ನು ರದ್ದು ಮಾಡಿದರು ಅಂತ ಆ ಕಾಲದ ಆಡಳಿತ ದಾಖಲೆ ಹೇಳುತ್ತೆ. ಮದುವೆಗೆ ತೆರಿಗೆ, ಮಗು ಹುಟ್ಟಿದ್ದಕ್ಕೆ ತೆರಿಗೆ, ಹೆಸರಿಟ್ಟಿದ್ದಕ್ಕೆ ತೆರಿಗೆ. ಒಂದು ಊರಿನವರು, ಯಾವುದೋ ಕಾಲದಲ್ಲಿ ಪಾಳೇಗಾರನ ತಪ್ಪಿಸಿಕೊಂಡ ಕುದುರೆ ಹುಡುಕಿಕೊಡಲಿಲ್ಲ ಅಂತ ತಲೆತಲಾಂತರ ತೆರಿಗೆ ಕಟ್ಟಿದ್ದರಂತೆ. ನಗರ ಸೀಮೆಯಲ್ಲಿ ಒಂದು ಜಾಗ ದಾಟುವಾಗ ಎರಡೂ ಕೈಯನ್ನು ಮೈಗೆ ಒತ್ತಿ ಹಿಡ್ಕೊಂಡು ನಡೀಬೇಕಿತ್ತು, ಕೈ ಬೀಸಿ ನಡೆದರೆ ದುಡ್ಡು ಕಟ್ಟಬೇಕಿತ್ತು.

ಇದನ್ನು ಓದಿ ಬೇರೆಯವರಿಗೆ ನಗು ಬರಬಹುದು. ನಮಗೆ ಬರಲ್ಲ. ಕೈ ಬೀಸಿ ನಡೆಯೋದಕ್ಕೆ, ಚಪ್ಪಲಿ ಹಾಕೋದಕ್ಕೆ, ಹೆಗಲ ಮೇಲೆ ಟವೆಲ್ ಹಾಕೋದಕ್ಕೆ ಬೆಲೆ ಇತ್ತು ಅನ್ನೋದು ನಮ್ಮ ಅಜ್ಜಂದಿರಿಗೆ ಯಾವ ಗೆಝೆಟಿಯರೂ ಹೇಳಿಕೊಡಬೇಕಿರಲಿಲ್ಲ.

ಮಲೆನಾಡಿನ ಹೊಲೆಯರಲ್ಲಿ ಎರಡು ಥರದ ಆಳುಗಳಿದ್ದರು ಅಂತಲೂ ಗೆಝೆಟಿಯರಿನಲ್ಲಿ ಬರೆದಿದ್ದಾರೆ. ಹುಟ್ಟಾಳು ಅಂದ್ರೆ ಒಡೆಯನ ಮನೆಯಲ್ಲೇ ಹುಟ್ಟಿ ಅವನಿಗೇ ಸೇರಿದವನು. ಮಣ್ಣಾಳು ಅಂದ್ರೆ ಜಮೀನಿಗೆ ಅಂಟಿದವನು, ಜಮೀನು ಕೈ ಬದಲಾದರೆ ಇವನೂ ಬದಲು. 1843ರಲ್ಲೇ ಕಂಪನಿ ಸರ್ಕಾರ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಅಂದಿತು. ಆದ್ರೆ ಹೆಸರು ಹೋಯಿತು, ಹಗ್ಗ ಹೋಗಲಿಲ್ಲ. ಹಗ್ಗದ ಹೊಸ ಹೆಸರು ಮುಂಗಡ. ನಮ್ಮ ಕಡೆ ಹಿರಿಯರು ಹೇಳೋ ಮಾತೊಂದಿದೆ: ದಂಡ ಒಡೆಯ ಕಟ್ಟಿದ, ಸಾಲ ಮೊಮ್ಮಗ ತೀರಿಸಿದ. ದೊಡ್ಡಿಗೆ ಹೋದ ದನ ಬಿಡಿಸೋಕೆ, ಗಾರ್ಡ್ ಹಾಕಿದ ದಂಡಕ್ಕೆ, ಪಂಚಾಯ್ತಿಯ ತಪ್ಪುಕಾಣಿಕೆಗೆ ಕೈಚಾಚಿ ತಂದ ದುಡ್ಡು ಜೀತದ ಲೆಕ್ಕಕ್ಕೆ ಸೇರ್ತಿತ್ತು. ದಂಡ ಸರ್ಕಾರಕ್ಕೆ ಒಂದು ದಿನದಲ್ಲಿ ತೀರಿತು. ಮನುಷ್ಯ ತೀರಲಿಲ್ಲ.

ತೋಟಗಳಿಗೆ ಬಂದ ಕಾನೂನು ಇನ್ನೂ ನೇರವಾಗಿತ್ತು. 1859ರ 13ನೇ ಕಾಯ್ದೆ ಅಂತ ಒಂದಿತ್ತು. ಮೊದಲು ಕಲ್ಕತ್ತಾ, ಮದ್ರಾಸು, ಬೊಂಬಾಯಿ ನಗರಗಳಿಗೆ ಮಾಡಿದ್ದು, ಆಮೇಲೆ ಬೇರೆ ಕಡೆಗೂ ಹಬ್ಬಿಸಿದರು. ಕೊಡಗು, ನೀಲಗಿರಿಯ ತೋಟದ ದೊರೆಗಳಿಗೆ ಇದು ಅಚ್ಚುಮೆಚ್ಚು. ಮುಂಗಡ ತಗೊಂಡ ಕೂಲಿ ಕೆಲಸಕ್ಕೆ ಬರದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ದೂರು. ದುಡ್ಡು ವಾಪಸ್ ಕೊಡು, ಇಲ್ಲ ಕೆಲಸ ಮಾಡು ಅಂತ ಆದೇಶ. ಎರಡೂ ಮಾಡದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೂಲಿ ಕೊಡದ ಮಾಲೀಕನಿಗೆ ಈ ಕಾಯ್ದೆಯಲ್ಲಿ ಜೈಲು ಇರಲಿಲ್ಲ. ಇದನ್ನು ತೆಗೆಯೋ ಕಾನೂನು ಬಂದಿದ್ದು 1925ರಲ್ಲಿ. ಒಂದು ಕೈಸಾಲವನ್ನು ಅಪರಾಧ ಮಾಡಿದ ಕಾಯ್ದೆ 66 ವರ್ಷ ಬದುಕಿತು.

ಇದರ ಮರುವರ್ಷ, 1860ರಲ್ಲಿ, ಐಪಿಸಿ ಬಂತು. ಇದರಲ್ಲಿ ಜಾತಿ ಇಲ್ಲ, ಎಲ್ಲರಿಗೂ ಒಂದೇ ಸೆಕ್ಷನ್. ಅದು ದೊಡ್ಡ ವಿಷಯ, ನಾನು ಸಣ್ಣದು ಅನ್ನಲ್ಲ. ಬ್ರಾಹ್ಮಣ ಬೈದರೂ ಹೊಲೆಯ ಬೈದರೂ ಒಂದೇ ಶಿಕ್ಷೆ ಅನ್ನೋದು ಈ ನೆಲದಲ್ಲಿ ಹೊಸ ಮಾತು. ಆದ್ರೆ 64ರಿಂದ 70ರವರೆಗಿನ ಸೆಕ್ಷನ್‌ಗಳಲ್ಲಿ ಹಳೇ ಮಾತು ಇನ್ನೊಂದು ಬಾಗಿಲಿಂದ ಬಂತು. ದಂಡ ಮಾತ್ರ ಇರೋ ಅಪರಾಧಕ್ಕೆ 67ನೇ ಸೆಕ್ಷನ್: 50 ರೂಪಾಯಿವರೆಗಿನ ದಂಡ ಕಟ್ಟದಿದ್ದರೆ 2 ತಿಂಗಳವರೆಗೆ ಜೈಲು, 100ರವರೆಗೆ 4 ತಿಂಗಳು, ಅದಕ್ಕೆ ಮೇಲ್ಪಟ್ಟರೆ 6 ತಿಂಗಳು. ಜಾತಿಯ ಜಾಗದಲ್ಲಿ ಜೇಬು ಕೂತಿತು. ಜೇಬು ಯಾರದ್ದು ಖಾಲಿ ಅನ್ನೋದನ್ನ ಜಾತಿ ಮೊದಲೇ ತೀರ್ಮಾನ ಮಾಡಿಟ್ಟಿತ್ತು.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ವಸಾಹತುಶಾಹಿ ಗುರುತು ಅಳಿಸಿದ್ದೀವಿ ಅಂದ್ರು. 8ನೇ ಸೆಕ್ಷನ್ ತೆಗೆದು ನೋಡಿ. 50 ಇದ್ದ ಕಡೆ 5,000 ಆಗಿದೆ, 100 ಇದ್ದ ಕಡೆ 10,000 ಆಗಿದೆ. 2 ತಿಂಗಳು 2 ತಿಂಗಳಾಗೇ ಇದೆ, 4 ತಿಂಗಳು 4 ತಿಂಗಳಾಗೇ ಇದೆ. ಅದಕ್ಕೆ ಮೇಲ್ಪಟ್ಟ ದಂಡಕ್ಕೆ ಇದ್ದ 6 ತಿಂಗಳು ಮಾತ್ರ 1 ವರ್ಷ ಆಗಿದೆ.

ಗುಮಾಸ್ತನ ಲೆಕ್ಕ ಹೇಳ್ತೀನಿ ಕೇಳಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. 5,000 ರೂಪಾಯಿ ಅಂದ್ರೆ 14 ದಿನದ ದುಡಿಮೆ. ಅದೇ 5,000 ಕಟ್ಟದಿದ್ದರೆ 60 ದಿನದವರೆಗೆ ಒಳಗೆ ಹಾಕಬಹುದು. ಗರಿಷ್ಠ ಹಾಕಿದರೆ ಜೈಲಿನ ಒಂದು ದಿನಕ್ಕೆ ಬೀಳೋ ಬೆಲೆ 83 ರೂಪಾಯಿ. ಹೊರಗೆ 370ಕ್ಕೆ ಮಾರಾಟವಾಗೋ ಬಡವನ ಒಂದು ದಿನವನ್ನು ಕಾನೂನು ಒಳಗೆ 83ಕ್ಕೆ ಕೊಳ್ಳುತ್ತೆ. ಆ 60 ದಿನ ಮನೆಯಲ್ಲಿ ಒಲೆ ಹೇಗೆ ಉರಿಯುತ್ತೆ ಅನ್ನೋದು ಯಾವ ಸೆಕ್ಷನ್‌ನಲ್ಲೂ ಇಲ್ಲ.

ತೀರ್ಪಿನಲ್ಲಿ ಬರೆಯದ ಖರ್ಚೂ ಇದೆ. ವಾಯಿದೆಗೆ ಹೋದ ದಿನದ ಕೂಲಿ ಇಲ್ಲ, ಬಸ್ ಚಾರ್ಜು, ವಕಾಲತ್ತು, ಜಾಮೀನಿಗೆ ಪಹಣಿ ಇರೋರನ್ನು ಹುಡುಕಿ ಅವರಿಗೆ ಊಟ ಕಾಫಿ. ಪಹಣಿಯೇ ಇಲ್ಲದ ಜಾತಿಯವರಿಗೆ ಪಹಣಿ ಇರೋ ಜಾಮೀನುದಾರ ಯಾರು ಸಿಗ್ತಾರೆ? ಕೇಳಿದರೆ ಯಾರನ್ನು ಕೇಳಬೇಕು ಅಂತ ನಿಮಗೂ ಗೊತ್ತು. ಹಾಗೆ ಸಹಿ ಹಾಕಿದವರ ತೋಟದಲ್ಲಿ ಎಷ್ಟು ದಿನ ಪುಕ್ಕಟೆ ಕೆಲಸ ಅಂತಲೂ ಗೊತ್ತು. 2011ರ ಭೂ ಕಬಳಿಕೆ ನಿಷೇಧ ಕಾಯ್ದೆ ಬಂದಾಗ ಅದರ ವಿಶೇಷ ನ್ಯಾಯಾಲಯ ಬೆಂಗಳೂರಿನಲ್ಲಿ ಆಯಿತು. ಶೃಂಗೇರಿಯಿಂದ ಬೆಂಗಳೂರಿಗೆ 300 ಕಿಲೋಮೀಟರ್‌ಗಿಂತ ಹೆಚ್ಚು. ಅರ್ಧ ಎಕರೆ ಸಾಗುವಳಿ ಮಾಡಿದವನಿಗೆ ಆ ಬಸ್ ಚಾರ್ಜೇ ಮೊದಲ ಶಿಕ್ಷೆ, ತೀರ್ಪು ಆಮೇಲಿನ ಮಾತು. ಹಳ್ಳಿಯ ಸಣ್ಣ ರೈತರಿಗೆ ಈ ಅಲೆದಾಟ ತಪ್ಪಿಸಬೇಕು ಅಂತ 2022ರಲ್ಲಿ ತಿದ್ದುಪಡಿ ತಂದರು. ಹತ್ತು ವರ್ಷದ ಮೇಲೆ.

ಇನ್ನೊಂದು ತೂಕ ಹಾಕಿ ನೋಡೋಣ. ಅಸ್ಪೃಶ್ಯತೆ ಆಚರಿಸಿದವನಿಗೆ ಎಷ್ಟು ದಂಡ? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದ್ರೆ ಬರೀ ದುಡ್ಡು ಕಟ್ಟಿ ಹೊರಗೆ ಬರೋ ದಾರಿ ಇತ್ತು. 1976ರ ತಿದ್ದುಪಡಿಯಲ್ಲಿ ಕಾಯ್ದೆಗೆ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಅಂತ ಹೆಸರಿಟ್ಟು, ಜೈಲು ಮತ್ತು ದಂಡ ಎರಡೂ ಕಡ್ಡಾಯ ಮಾಡಿದರು. ದಂಡ ಮಾತ್ರ ಕನಿಷ್ಠ 100, ಗರಿಷ್ಠ 500. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು, ಬೀಡಿ ಕಟ್ಟಿನ ಬೆಲೆ ಎಷ್ಟೋ ಪಟ್ಟು ಆಯಿತು, ಈ 500 ಮಾತ್ರ 500 ಆಗೇ ಕೂತಿದೆ. 1989ರ ದೌರ್ಜನ್ಯ ತಡೆ ಕಾಯ್ದೆ ಬೇರೆ, ಅದು ಗಟ್ಟಿ. ಆದ್ರೆ ಮೊದಲ ಕಾಯ್ದೆಯ ದರಪಟ್ಟಿ ಇದು.

ಈಗ ಊರವರು ನಮಗೆ ಹಾಕೋ ದಂಡ ನೋಡಿ. 2021ರ ಸೆಪ್ಟೆಂಬರ್, ಕೊಪ್ಪಳ ಜಿಲ್ಲೆಯ ಮಿಯಾಪುರ. ಇನ್ನೂ ಸರಿಯಾಗಿ ಮಾತು ಬಾರದ ದಲಿತ ಮಗು ಮಳೆಗೆ ಗುಡಿಯೊಳಗೆ ಓಡಿತು ಅಂತ ಶುದ್ಧಿಗೆ 25,000 ರೂಪಾಯಿ ಕೇಳಿದರು. 2022ರ ಸೆಪ್ಟೆಂಬರ್, ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಉಳ್ಳೇರಹಳ್ಳಿ. ದಲಿತ ಹುಡುಗ ದೇವರ ಮೆರವಣಿಗೆಯ ಕೋಲು ಮುಟ್ಟಿದ ಅಂತ ಮನೆಯವರಿಗೆ 60,000 ರೂಪಾಯಿ ದಂಡ. ಎರಡೂ ಕಡೆ ಆಮೇಲೆ ಪೊಲೀಸ್ ಕೇಸಾಯಿತು, ಸುದ್ದಿಯಾಯಿತು, ಸರಿ. ಆದ್ರೆ ಈ ಎರಡು ಸಂಖ್ಯೆಯನ್ನು ಅಕ್ಕಪಕ್ಕ ಬರೆದು ನೋಡಿ. ಮುಟ್ಟಿದವನಿಗೆ ಊರು ಹಾಕಿದ್ದು 60,000. ಮುಟ್ಟಬೇಡ ಅಂದವನಿಗೆ 1955ರ ಕಾಯ್ದೆ ಹಾಕಬಹುದಾದ ದಂಡ 500. ಒಂದಕ್ಕೆ 120 ಪಟ್ಟು. ಮನುವಿನ ಪಟ್ಟಿಯಲ್ಲೂ ಇಷ್ಟು ಅಂತರ ಇರಲಿಲ್ಲ!

ದಂಡವೇ ಬೇಡ ಅಂತ ನಾನು ಹೇಳ್ತಿಲ್ಲ. ದಂಡದ ದುಡ್ಡಿಂದ ನೊಂದವರಿಗೆ ಪರಿಹಾರ ಕೊಡಿಸೋ ಅಧಿಕಾರ ಕೋರ್ಟಿಗೆ ಇದೆ, ಮೊದಲು ಸಿಆರ್‌ಪಿಸಿ 357, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395. ದೌರ್ಜನ್ಯ ಕೇಸಿನಲ್ಲಿ ನಮ್ಮವರಿಗೆ ಅದು ಬೇಕು, ಕೇಳಿ ತಗೋಬೇಕು. ನನ್ನ ಪ್ರಶ್ನೆ ಕಟ್ಟಲಾಗದವನ ಮೈಯಿಂದ ವಸೂಲಿ ಮಾಡೋದರ ಬಗ್ಗೆ ಮಾತ್ರ. ಫಿನ್ಲೆಂಡ್ ದೇಶದಲ್ಲಿ 1921ರಿಂದಲೇ ದಂಡವನ್ನು ದಿನದ ಲೆಕ್ಕದಲ್ಲಿ ಹಾಕ್ತಾರೆ. ಅಪರಾಧಕ್ಕೆ ಇಷ್ಟು ದಿನ ಅಂತ, ದಿನಕ್ಕೆ ಎಷ್ಟು ಅನ್ನೋದು ಅವನವನ ಆದಾಯದ ಮೇಲೆ. ಶ್ರೀಮಂತನಿಗೂ ಬಡವನಿಗೂ ಹೊಟ್ಟೆ ಉರಿ ಒಂದೇ ಅಳತೆ. ಇನ್ನೊಂದು ಕಡೆ ಅಮೆರಿಕದ ಫರ್ಗುಸನ್ ಪಟ್ಟಣ. 2014ರಲ್ಲಿ ಮೈಕಲ್ ಬ್ರೌನ್ ಅನ್ನೋ ಕಪ್ಪು ಹುಡುಗನನ್ನು ಪೊಲೀಸ್ ಕೊಂದ ಮೇಲೆ ಅಲ್ಲಿನ ಕೇಂದ್ರ ಸರ್ಕಾರದ ನ್ಯಾಯ ಇಲಾಖೆ ತನಿಖೆ ಮಾಡಿತು. 2015ರ ವರದಿಯಲ್ಲಿ ಬಯಲಾಗಿದ್ದು ಏನಂದ್ರೆ, ಆ ಊರಿನ ಆಡಳಿತ ಕೋರ್ಟಿನ ದಂಡ, ಶುಲ್ಕವನ್ನೇ ಆದಾಯ ಮಾಡ್ಕೊಂಡು ಕಪ್ಪು ಜನರನ್ನು ಹಿಂಡುತ್ತಿತ್ತು. ಹುಲ್ಲು ಕತ್ತರಿಸಿಲ್ಲ ಅಂತ ದಂಡ, ಕಟ್ಟಿಲ್ಲ ಅಂತ ವಾರಂಟು, ವಾರಂಟಿಗೆ ಮತ್ತೆ ಶುಲ್ಕ. ಓದುವಾಗ ಊರು ಬೇರೆ, ಬಣ್ಣ ಬೇರೆ, ಉಳಿದಿದ್ದು ಎಲ್ಲೋ ಕೇಳಿದ ಹಾಗೇ ಇದೆ ಅನ್ನಿಸಿತು.

ನಮ್ಮಲ್ಲಿ ರಿಯಾಯಿತಿ ಯಾರಿಗೆ ಅಂತಲೂ ನೋಡಿ. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಟ್ರಾಫಿಕ್ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿತು. ಬೆಂಗಳೂರಲ್ಲಿ ಜನ ಸಾಲು ನಿಂತು ಕಟ್ಟಿದರು, ಕೋಟಿಗಟ್ಟಲೆ ಬಂತು. ಒಳ್ಳೇದೇ. ಅರ್ಧ ದಂಡಕ್ಕೆ ಜನ ಬಂದು ಕಟ್ತಾರೆ ಅಂತ ಸರ್ಕಾರಕ್ಕೇ ಗೊತ್ತು ಅಂತಾಯಿತು. ಆ ಬುದ್ಧಿ ಜೈಲಿನ ಗೇಟಿನ ಹತ್ತಿರ ಯಾಕೆ ಬರಲ್ಲ?

ದೇಶದ ಜೈಲುಗಳಲ್ಲಿ ದಲಿತರ, ಆದಿವಾಸಿಗಳ ಪಾಲು ಜನಸಂಖ್ಯೆಯಲ್ಲಿರೋ ಪಾಲಿಗಿಂತ ಹೆಚ್ಚು ಅಂತ ಎನ್‌ಸಿಆರ್‌ಬಿ ವರದಿಗಳೇ ಹೇಳುತ್ತವೆ. ಒಳಗೆ ಹೋದ ಮೇಲೂ ಜಾತಿ ಬಿಡಲ್ಲ. ಕೈಗೆ ಪೊರಕೆ ಕೊಡಬೇಕಾ, ಸೌಟು ಕೊಡಬೇಕಾ ಅಂತ ಜಾತಿ ನೋಡಿ ಹಂಚೋ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಯಲ್ಲಿ ಇದ್ದವು. ಸುಪ್ರೀಂ ಕೋರ್ಟ್ ಅವನ್ನು ಅಸಾಂವಿಧಾನಿಕ ಅಂದಿದ್ದು 2024ರ ಅಕ್ಟೋಬರ್ 3ಕ್ಕೆ. ಸ್ವಾತಂತ್ರ್ಯ ಬಂದು 77 ವರ್ಷದ ಮೇಲೆ.

ಇಷ್ಟೆಲ್ಲ ಹೇಳಿ ಬರೀ ಗೋಳು ತೋಡ್ಕೊಂಡು ನಿಲ್ಲಿಸಲ್ಲ. ಪಕ್ಕದ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದಾಗಿಂದ ನಮಗೆ ಗೊತ್ತಿರೋ ದಾರಿ ಒಂದೇ, ತಿಳ್ಕೊಂಡು ಹೋರಾಡೋದು. ದಂಡವನ್ನೇ ಆಯುಧ ಮಾಡ್ಕೊಂಡ ಉದಾಹರಣೆ ನಮ್ಮಲ್ಲೇ ಇದೆ. ಸರ್ಕಾರಿ ಜಾಗ ಸಾಗುವಳಿ ಮಾಡಿದ್ದಕ್ಕೆ ಕಂದಾಯ ಇಲಾಖೆ ಹಾಕ್ತಿದ್ದ ಟಿ.ಟಿ. ದಂಡ. ಅವಮಾನ ಅಂತ ಕಟ್ಟಿದ ಆ ದಂಡದ ರಸೀದಿಯೇ ಮುಂದೆ ಬಗರ್ ಹುಕುಂ ಫಾರಂ 50, 53, 57 ಹಾಕುವಾಗ ಇಷ್ಟು ವರ್ಷದಿಂದ ಈ ನೆಲ ಉಳುತ್ತಿದ್ದೀನಿ ಅನ್ನೋದಕ್ಕೆ ಸಾಕ್ಷಿ ಆಯಿತು. ಟ್ರಂಕಿನ ತಳದಲ್ಲಿ ಆ ಹಾಳೆ ಜೋಪಾನ ಮಾಡಿದ ಅಜ್ಜಿಯರಿಂದ ಎಷ್ಟೋ ಮನೆಗೆ ನೆಲ ಉಳಿದಿದೆ. ಅದಕ್ಕೇ ಮೊದಲ ಮಾತು: ಯಾವ ದಂಡ ಕಟ್ಟಿದರೂ ರಸೀದಿ ತಗೊಳ್ಳಿ, ರಸೀದಿ ಇಲ್ಲದೆ ಯಾರ ಕೈಗೂ ಒಂದು ರೂಪಾಯಿ ಕೊಡಬೇಡಿ.

ಎರಡನೇದು, ಕಂತು. ಮನು ಒಂದೇ ಜಾತಿಗೆ ಇಟ್ಟಿದ್ದ ಕಂತು ಇವತ್ತು ಕಾನೂನಿನಲ್ಲಿ ಎಲ್ಲರಿಗೂ ಇದೆ. ಬರೀ ದಂಡದ ಶಿಕ್ಷೆ ಆಗಿ, ತಕ್ಷಣ ಕಟ್ಟೋಕೆ ಆಗದಿದ್ದರೆ, ಕೋರ್ಟು 30 ದಿನದ ಸಮಯ ಕೊಡಬಹುದು. ಅಥವಾ ಎರಡು ಮೂರು ಕಂತಿನಲ್ಲಿ ಕಟ್ಟೋಕೆ ಬಿಡಬಹುದು. ಅಲ್ಲಿವರೆಗೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಹಳೇ ಸಿಆರ್‌ಪಿಸಿ 424, ಈಗ ಸುರಕ್ಷಾ ಸಂಹಿತೆಯ 464. ಆದ್ರೆ ಕೇಳಬೇಕು. ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತವನಿಗೆ ತಾನಾಗಿ ಯಾರೂ ಕೊಡಲ್ಲ. ಸ್ವಾಮಿ, ಕಂತು ಮಾಡಿಕೊಡಿ ಅನ್ನೋ ಒಂದು ಮಾತು ಸಾಕು. ದಂಡ ಅತಿಯಾಗಿರಬಾರದು, ಹಾಕುವಾಗ ಅವನ ಆರ್ಥಿಕ ಸ್ಥಿತಿ ನೋಡಬೇಕು ಅಂತ 2007ರ ಶಾಂತಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಮೂರನೇದು, ಒಳಗೆ ಹೋದ ಮೇಲೂ ದಂಡದ ಸ್ವಲ್ಪ ಭಾಗ ಕಟ್ಟಿದರೆ ಅಷ್ಟು ಪಾಲು ಜೈಲು ಕಮ್ಮಿ ಆಗುತ್ತೆ, ಪೂರ್ತಿ ಕಟ್ಟಿದ ಕ್ಷಣ ಬಿಡಬೇಕು. ನ್ಯಾಯ ಸಂಹಿತೆಯ ಅದೇ 8ನೇ ಸೆಕ್ಷನ್‌ನಲ್ಲಿದೆ. ಊರಲ್ಲಿ ಚಂದಾ ಎತ್ತಿ ಪೂರ್ತಿ ಆಗಲಿಲ್ಲ ಅಂತ ಸುಮ್ಮನಾಗಬೇಡಿ, ಆದಷ್ಟು ಕಟ್ಟಿ.

ನಾಲ್ಕನೇದು, ಬಡ ಕೈದಿಗಳ ನೆರವಿನ ಯೋಜನೆ. 2022ರ ನವೆಂಬರ್ 26ರ ಸಂವಿಧಾನ ದಿನ ರಾಷ್ಟ್ರಪತಿ ದ್ರೌಪದಿ ಮುರ್ಮು ಸುಪ್ರೀಂ ಕೋರ್ಟಿನಲ್ಲಿ ನಿಂತು ಜೈಲಲ್ಲಿ ಕೊಳೆಯೋ ಬಡವರ ಬಗ್ಗೆ ಮಾತಾಡಿದರು. 2023ರ ಕೇಂದ್ರ ಬಜೆಟ್ಟಿನಲ್ಲಿ ಯೋಜನೆ ಬಂತು. ದಂಡ ಕಟ್ಟಲಾಗದೆ ಒಳಗಿರೋ ಶಿಕ್ಷಿತರಿಗೆ 25,000ದವರೆಗೆ, ಜಾಮೀನು ಮೊತ್ತ ಇಲ್ಲದ ವಿಚಾರಣಾಧೀನರಿಗೂ (ಯೋಜನೆ ಶುರುವಾದಾಗ 40,000ದವರೆಗೆ ಇತ್ತು) ನೆರವು. ಜಿಲ್ಲಾಧಿಕಾರಿ, ಎಸ್‌ಪಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಎಲ್ಲ ಇರೋ ಜಿಲ್ಲಾ ಸಮಿತಿ ತೀರ್ಮಾನ ಮಾಡುತ್ತೆ. ಅರ್ಜಿ ಹೋಗದೆ ಹಣ ಬರಲ್ಲ. ಇನ್ನು ವಕೀಲರ ವಿಷಯ: 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಎಸ್‌ಸಿ, ಎಸ್‌ಟಿಯವರಿಗೆ, ಹೆಣ್ಣುಮಕ್ಕಳಿಗೆ, ಬಂಧನದಲ್ಲಿರೋ ಎಲ್ಲರಿಗೂ ಉಚಿತ ಕಾನೂನು ನೆರವು ಹಕ್ಕು, ಆದಾಯದ ಪ್ರಶ್ನೆ ಇಲ್ಲ. ಫೋನ್ 15100.

ಮೂರು ತಾಲೂಕಿನ ಸಂಗಾತಿಗಳಿಗೆ ನನ್ನ ಕೋರಿಕೆ ಇಷ್ಟು. ಪ್ರತಿ ಊರಲ್ಲಿ ಒಬ್ಬರು, ತಮ್ಮ ಕಾಲೋನಿಯಲ್ಲಿ ಯಾರಿಗೆ ವಾಯಿದೆ ಇದೆ, ಯಾರಿಗೆ ದಂಡ ಆಗಿದೆ, ಯಾರು ಕಟ್ಟಲಾಗದೆ ಒಳಗಿದ್ದಾರೆ ಅಂತ ಒಂದು ಪಟ್ಟಿ ಮಾಡಿ. ಹೆಸರನ್ನು ಇಲ್ಲಿ ಬರೀಬೇಡಿ, ಅವರ ಮರ್ಯಾದೆ ಮುಖ್ಯ. ಪಟ್ಟಿ ತಗೊಂಡು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗೋಣ. ತೀರ್ಪಿನ ದಿನ ನಮ್ಮವರ ಪಕ್ಕ ಒಬ್ಬರು ನಿಂತಿರೋಣ, ಕಂತು ಅನ್ನೋ ಪದ ನೆನಪು ಮಾಡೋಕೆ.

ಕೈ ಬೀಸಿ ನಡೆದಿದ್ದಕ್ಕೆ ದುಡ್ಡು ಕೇಳಿದ ಸೀಮೆ ನಮ್ಮದು. ಕೋರ್ಟಿಗೂ ಕೈ ಬೀಸ್ಕೊಂಡೇ ಹೋಗೋಣ.

ಜೈ ಭೀಮ್.